ಕಾಲೇಜು ಬೋಧಕರಿಗೂ ಸಿಬ್ಬಂದಿಗೂ ತಂತ್ರಜ್ಞಾನ ಕಾರ್ಯಾಗಾರ: ಕಲಿತದ್ದು ಕೈಯಲ್ಲಿ ಉಳಿಯುವಂತೆ ನಡೆಸುವ ಕ್ರಮ

ಕಾರ್ಯಾಗಾರ ಮುಗಿಯುತ್ತದೆ. ಹಾಜರಾತಿ ಹಾಳೆ ತುಂಬಿರುತ್ತದೆ, ಬಂದವರು ‘ತುಂಬಾ ಉಪಯುಕ್ತವಾಗಿತ್ತು’ ಎಂದು ಬರೆದುಕೊಟ್ಟು ಹೋಗುತ್ತಾರೆ. ಮೂರು ವಾರ ಕಳೆಯುವುದರೊಳಗೆ ಅವರಲ್ಲೇ ಹಲವರು ಹಳೆಯ ಪ್ರಶ್ನೆಗಳನ್ನೇ ಹಿಡಿದು ತಾಂತ್ರಿಕ ಸಹಾಯ ವಿಭಾಗಕ್ಕೆ ಬರುತ್ತಾರೆ: ಅಂಕಗಳನ್ನು ಏರಿಸುವುದು ಹೇಗೆ, ಹೋದ ಅವಧಿಯ (ಸೆಮಿಸ್ಟರಿನ) ಪಾಠಗಳನ್ನು ಈ ಅವಧಿಗೆ ತರುವುದು ಹೇಗೆ, ವಿದ್ಯಾರ್ಥಿಗಳಿಗೆ ಪರೀಕ್ಷೆ ಏಕೆ ಕಾಣಿಸುತ್ತಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದು ಸಂಘಟಕರು ಕೈಚೆಲ್ಲುತ್ತಾರೆ. ಮುಂದಿನ ಅವಧಿಯಲ್ಲಿ ಅದೇ ಕಾರ್ಯಾಗಾರ ಅದೇ ರೀತಿಯಲ್ಲಿ ಮತ್ತೆ ನಡೆಯುತ್ತದೆ.

ಹಲವು ವರ್ಷ ಇಂಥ ತರಬೇತಿಗಳನ್ನು ನಡೆಸಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಕಾರ್ಯಾಗಾರಗಳು ಸೋಲುವುದು ಆ ದಿನ ಸಭಾಂಗಣದಲ್ಲಿ ಅಲ್ಲ, ಅದಕ್ಕೆ ಎರಡು ಮೂರು ವಾರ ಮೊದಲು, ಯೋಜನೆಯ ಹಾಳೆಯ ಮೇಲೆ. ಒಂದು ತಂತ್ರಾಂಶವನ್ನು ‘ಪರಿಚಯಿಸಲು’ ಹೊರಟ ಗಳಿಗೆಯಲ್ಲೇ ಅವು ಹಾದಿ ತಪ್ಪಿರುತ್ತವೆ. ಬಂದವರು ತಮ್ಮ ಸ್ವಂತ ಕೆಲಸವೊಂದನ್ನು ತಮ್ಮ ಕೈಯಿಂದಲೇ ಮುಗಿಸಿ ಎದ್ದು ಹೋಗುವಂತಾಗಬೇಕು. ಉಳಿದ ಏರ್ಪಾಡೆಲ್ಲ ಆ ಒಂದು ಉದ್ದೇಶಕ್ಕೆ ಹೊಂದಿಕೊಳ್ಳಬೇಕು.

ಸ್ಥಳೀಯರಿಗೆ ವೃತ್ತಿ ಕೋರ್ಸ್ ಮತ್ತು ಕಡಿಮೆ ಅವಧಿಯ ಕೋರ್ಸ್ ನಡೆಸುವ ಸಮುದಾಯ ಕಾಲೇಜುಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಅರೆಕಾಲಿಕ ಅಧ್ಯಾಪಕರು ಬಹಳ, ಸಂಜೆ ತರಗತಿಗಳು ಬಹಳ, ವೆಲ್ಡಿಂಗ್ ಕಲಿಸುವವರೂ ಶುಶ್ರೂಷೆ ಕಲಿಸುವವರೂ ಲೆಕ್ಕಪತ್ರ ಕಲಿಸುವವರೂ ಒಂದೇ ಕೊಠಡಿಯಲ್ಲಿ ಕುಳಿತಿರುತ್ತಾರೆ. ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಾಯಿಸಬೇಡಿ. ಮೂರನೆಯ ಹಂತ ಮುಗಿಯದೆ ಕಾರ್ಯಾಗಾರ ಶುರುಮಾಡಿದವರು ಪಟ್ಟ ಪಾಡನ್ನು ಕಣ್ಣಾರೆ ನೋಡಿದ್ದೇನೆ.

ಹಂತ 1: ಕೆಲಸವನ್ನು ಗುರುತಿಸಿ, ತಂತ್ರಾಂಶವನ್ನು ಆಮೇಲೆ ನೋಡಿ

ಮೊದಲು ಸಹಾಯ ವಿಭಾಗಕ್ಕೆ ಹೋಗಿ ಕಳೆದ ಒಂದು ಅವಧಿಯಲ್ಲಿ ಬಂದ ದೂರುಗಳ ಪಟ್ಟಿ ಕೇಳಿ. ಯಾವ ಪ್ರಶ್ನೆ ಎಷ್ಟು ಸಲ ಬಂದಿದೆ, ಯಾವ ವಾರದಲ್ಲಿ ಬಂದಿದೆ ಎಂದು ಗೆರೆ ಎಳೆದು ಎಣಿಸಿ. ಅವಧಿಯ ಮೊದಲ ವಾರ ಲಾಗಿನ್ ಮತ್ತು ಪಾಠ ನಕಲಿಸುವ ಪ್ರಶ್ನೆಗಳು, ನಡುವೆ ಆನ್‌ಲೈನ್ ಪರೀಕ್ಷೆಯ ಪ್ರಶ್ನೆಗಳು, ಕೊನೆಗೆ ಅಂಕಪಟ್ಟಿಯ ಪ್ರಶ್ನೆಗಳು ರಾಶಿ ಬಿದ್ದಿರುವುದು ಕಾಣುತ್ತದೆ. ಕಾರ್ಯಾಗಾರದ ವಿಷಯವೂ ದಿನಾಂಕವೂ ಆ ರಾಶಿಯಲ್ಲೇ ಇವೆ.

ಆಮೇಲೆ ನಾಲ್ಕೈದು ಮಂದಿಯ ಪಕ್ಕದಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ನೋಡಿ. ‘ನಿಮಗೆ ಏನು ಬೇಕು’ ಎಂಬ ಪ್ರಶ್ನಾವಳಿ ಕಳುಹಿಸಿದರೆ ಬರುವ ಉತ್ತರ ಯಾವಾಗಲೂ ಹೊಸ ತಂತ್ರಾಂಶಗಳ ಹೆಸರು. ಪಕ್ಕದಲ್ಲಿ ಕುಳಿತರೆ ಕಾಣುವುದು ಬೇರೆ. ಒಬ್ಬ ಹಿರಿಯ ಅಧ್ಯಾಪಕಿ ಅಂಕಗಳನ್ನು ಮೊದಲು ನೋಟ್ ಪುಸ್ತಕದಲ್ಲಿ ಬರೆದು, ಅದನ್ನು ಎಕ್ಸೆಲ್‌ಗೆ ಹಾಕಿ, ಮತ್ತೆ ಒಂದೊಂದಾಗಿ ಕಲಿಕಾ ತಾಣದಲ್ಲಿ (ಪಾಠ, ಪರೀಕ್ಷೆ, ಅಂಕಗಳನ್ನು ಇಡುವ ಕಾಲೇಜಿನ ಜಾಲತಾಣದಲ್ಲಿ) ಟೈಪ್ ಮಾಡುತ್ತಿದ್ದರು. ಅವರಿಗೆ ಹೊಸದೇನೂ ಬೇಕಿರಲಿಲ್ಲ, ಇದ್ದುದನ್ನೇ ಒಂದೇ ಸಲಕ್ಕೆ ಏರಿಸುವ ದಾರಿ ಬೇಕಿತ್ತು. ಪ್ರಶ್ನಾವಳಿಯಲ್ಲಿ ಅವರು ಅದನ್ನು ಬರೆದಿರಲಿಲ್ಲ, ಏಕೆಂದರೆ ಅಂಥ ದಾರಿ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಈಗ ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಮೂಡಲ್ ಪರಿಚಯ’ ಎಂಬುದು ಗುರಿಯಲ್ಲ (ಮೂಡಲ್ ಅಂಥ ಕಲಿಕಾ ತಾಣ ನಡೆಸುವ ಒಂದು ತಂತ್ರಾಂಶ). ‘ಕಾರ್ಯಾಗಾರ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರೂ ತಮ್ಮ ಹೋದ ಅವಧಿಯ ಪಾಠಗಳನ್ನು ಈ ಅವಧಿಯ ತರಗತಿಗೆ ನಕಲಿಸಿ, ದಿನಾಂಕಗಳನ್ನು ಸರಿಪಡಿಸಿರುತ್ತಾರೆ’ ಎಂಬುದು ಗುರಿ. ವಾಕ್ಯದಲ್ಲಿ ಕೈಯಿಂದ ಮಾಡುವ ಕೆಲಸ ಇರಬೇಕು, ಮುಗಿದಿದೆಯೋ ಇಲ್ಲವೋ ಎಂದು ನೋಡಿ ಹೇಳುವಂತಿರಬೇಕು. ‘ಅರಿವು’, ‘ಪರಿಚಯ’, ‘ಅವಲೋಕನ’ ಎಂಬ ಪದಗಳು ನುಸುಳಿದ್ದರೆ ವಾಕ್ಯವನ್ನು ಹೊಡೆದು ಹಾಕಿ ಮತ್ತೆ ಬರೆಯಿರಿ.

ಸಾಮಾನ್ಯ ತಪ್ಪು: ಒಂದೇ ಕಾರ್ಯಾಗಾರದಲ್ಲಿ ಐದು ಗುರಿ ತುರುಕುವುದು. ಒಂದೂವರೆ ಗಂಟೆಗೆ ಒಂದು ಕೆಲಸ, ಹೆಚ್ಚೆಂದರೆ ಎರಡು.

ಹಂತ 2: ಯಾರು, ಎಷ್ಟು ಮಂದಿ, ಯಾವಾಗ

ಬೋಧಕರನ್ನೂ ಕಚೇರಿ ಸಿಬ್ಬಂದಿಯನ್ನೂ ಒಂದೇ ತರಗತಿಯಲ್ಲಿ ಕೂಡಿಸಬೇಡಿ. ಇಬ್ಬರೂ ಒಂದೇ ತಂತ್ರಾಂಶ ಬಳಸಿದರೂ ಅವರ ಪರದೆಯ ಮೇಲೆ ಕಾಣುವ ಪಟ್ಟಿಗಳು ಬೇರೆ, ಮಾಡುವ ಕೆಲಸ ಬೇರೆ. ಹುದ್ದೆಯ ಹಿರಿತನಕ್ಕಿಂತ ಸದ್ಯದ ಅಭ್ಯಾಸವನ್ನು ನೋಡಿ ಗುಂಪು ಮಾಡಿ. ನೋಂದಣಿ ನಮೂನೆಯಲ್ಲಿ ‘ನಿಮ್ಮ ಮಟ್ಟ: ಆರಂಭಿಕ, ಮಧ್ಯಮ, ಪರಿಣತ’ ಎಂದು ಕೇಳಿದರೆ ಉತ್ತರ ನಂಬುವಂತಿರುವುದಿಲ್ಲ. ಸಂಕೋಚದವರು ಕಡಿಮೆ ಹೇಳುತ್ತಾರೆ, ಕೆಲವರು ಹೆಚ್ಚು ಹೇಳುತ್ತಾರೆ. ‘ಕಳೆದ ತಿಂಗಳು ಕಲಿಕಾ ತಾಣದಲ್ಲಿ ನೀವೇ ಒಂದು ಕಡತ ಏರಿಸಿದ್ದೀರಾ?’ ಎಂದು ಕೇಳಿ. ಹೌದು ಅಥವಾ ಇಲ್ಲ ಎಂಬಷ್ಟರಲ್ಲಿ ಗುಂಪು ತಾನಾಗಿ ಬೇರೆಯಾಗುತ್ತದೆ.

ಒಬ್ಬ ತರಬೇತುದಾರರಿಗೆ ಹನ್ನೆರಡು ಮಂದಿ ಸಾಕು. ಇಪ್ಪತ್ತು ಮಂದಿ ಬರುವುದಾದರೆ ಕೊಠಡಿಯಲ್ಲಿ ಓಡಾಡುವ ಇಬ್ಬರು ಸಹಾಯಕರು ಇರಲೇಬೇಕು. ಅದಕ್ಕಿಂತ ಹೆಚ್ಚಾದರೆ ಅದು ಉಪನ್ಯಾಸವಾಗುತ್ತದೆ. ಹಾಗಾದಾಗ ಎರಡು ತಂಡ ಮಾಡಿ.

ಅರೆಕಾಲಿಕ ಅಧ್ಯಾಪಕರ ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಅವರು ಬೆಳಿಗ್ಗೆ ಹತ್ತರ ಕಾರ್ಯಾಗಾರಕ್ಕೆ ಬರಲಾರರು, ಆ ಹೊತ್ತಿಗೆ ಅವರು ಇನ್ನೊಂದು ಕೆಲಸದಲ್ಲಿರುತ್ತಾರೆ. ಸಂಜೆ ತರಗತಿ ಆರಂಭವಾಗುವುದಕ್ಕೆ ಮುಂಚಿನ ಒಂದೂವರೆ ಗಂಟೆಯನ್ನು ಅವರಿಗಾಗಿ ಇಡಿ, ದೂರದಿಂದ ಸೇರಿಕೊಳ್ಳುವ ಒಂದು ತಂಡವನ್ನೂ ಮಾಡಿ. ಆ ಸಮಯಕ್ಕೆ ಸಂಭಾವನೆ ಕೊಡಿಸಲು ಆಡಳಿತದೊಂದಿಗೆ ಮೊದಲೇ ಮಾತನಾಡಿ. ಗಂಟೆ ಲೆಕ್ಕದಲ್ಲಿ ದುಡಿಯುವವರನ್ನು ಬಿಟ್ಟಿಯಾಗಿ ಕೂಡಿಸಿಕೊಂಡು ‘ಆಸಕ್ತಿ ಇಲ್ಲ’ ಎಂದು ದೂರುವುದು ಅನ್ಯಾಯ.

ಹಂತ 3: ಎರಡು ವಾರ ಮೊದಲು ಖಾತೆ, ಅನುಮತಿ, ಅಭ್ಯಾಸದ ತರಗತಿ

ಅತಿ ಹೆಚ್ಚು ಕಾರ್ಯಾಗಾರಗಳು ಹಾಳಾಗುವುದು ಇಲ್ಲಿ. ಒಂದು ಕಾಲೇಜಿನಲ್ಲಿ ನಾನು ನಡೆಸಿದ ತರಬೇತಿಯಲ್ಲಿ ಮೊದಲ ನಲವತ್ತು ನಿಮಿಷ ಪಾಸ್‌ವರ್ಡ್ ಸರಿಪಡಿಸುವುದರಲ್ಲೇ ಕಳೆಯಿತು. ಕೆಲವರ ಖಾತೆಯೇ ತೆರೆದಿರಲಿಲ್ಲ, ಇನ್ನು ಕೆಲವರದ್ದು ಹೋದ ಅವಧಿಯ ಕೊನೆಗೆ ಮುಚ್ಚಿಹೋಗಿತ್ತು. ಉಳಿದವರು ಸುಮ್ಮನೆ ಕುಳಿತಿದ್ದರು. ಆ ದಿನ ಕಲಿಸಬೇಕಾದದ್ದರಲ್ಲಿ ಅರ್ಧವೂ ಆಗಲಿಲ್ಲ. ಬಂದವರ ಮುಖದಲ್ಲಿದ್ದ ಬೇಸರ ನನಗೆ ಇನ್ನೂ ನೆನಪಿದೆ.

ಹೀಗೆ ಮಾಡಿ. ನೋಂದಾಯಿಸಿದವರ ಪಟ್ಟಿಯನ್ನು ಹದಿನಾಲ್ಕು ದಿನ ಮೊದಲು ತಂತ್ರಜ್ಞಾನ ವಿಭಾಗಕ್ಕೆ ಕೊಟ್ಟು ಪ್ರತಿ ಖಾತೆ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಿ. ಏಳು ದಿನ ಮೊದಲು ಎಲ್ಲರಿಗೂ ಒಂದು ಪುಟ್ಟ ಕೆಲಸ ಕೊಡಿ: ಲಾಗಿನ್ ಆಗಿ, ತಮ್ಮ ಪ್ರೊಫೈಲ್ ಪುಟದಲ್ಲಿ ವಿಭಾಗದ ಹೆಸರು ಬರೆಯಲಿ. ಬರೆಯದವರಿಗೆ ಮೂರು ದಿನ ಮೊದಲು ಫೋನ್ ಮಾಡಿ. ಮಿಂಚಂಚೆ ಸಾಲದು, ಲಾಗಿನ್ ಆಗಲಾರದವರು ಆ ಮಿಂಚಂಚೆಯನ್ನೂ ಓದಿರುವುದಿಲ್ಲ.

ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಫೋನಿನಲ್ಲೂ ಖಚಿತಪಡಿಸುವ ಕ್ರಮ) ಇರುವ ಕಡೆ ಇನ್ನೊಂದು ತೊಡಕಿದೆ. ಫೋನ್ ಬದಲಾಯಿಸಿದವರಿಗೆ ಹಳೆಯ ಫೋನಿನ ದೃಢೀಕರಣ ಆ್ಯಪ್ ಹೊಸದರಲ್ಲಿ ತಾನಾಗಿ ಕೆಲಸ ಮಾಡದಿರಬಹುದು. ಆ ದಿನ ಫೋನ್ ಜೊತೆಗಿರಲಿ, ಅದರಲ್ಲಿ ಚಾರ್ಜ್ ಇರಲಿ ಎಂದು ಆಹ್ವಾನದಲ್ಲೇ ಬರೆಯಿರಿ. ಮರುಹೊಂದಿಸುವ ಅಧಿಕಾರ ಇರುವ ಒಬ್ಬರು ಮೊದಲ ಅರ್ಧ ಗಂಟೆ ಕೊಠಡಿಯಲ್ಲೇ ಇರಲಿ.

ಪ್ರತಿಯೊಬ್ಬರಿಗೂ ಒಂದೊಂದು ಅಭ್ಯಾಸದ ತರಗತಿಯನ್ನು ತೆರೆಯಿಸಿ. ಅದರಲ್ಲಿ ಕಲ್ಪಿತ ಹೆಸರುಗಳ ಹತ್ತು ವಿದ್ಯಾರ್ಥಿಗಳು, ಕೆಲವು ಅಂಕಗಳು, ಬೇಕೆಂದೇ ಬಿಟ್ಟ ಒಂದೆರಡು ದೋಷಗಳು ಇರಲಿ. ನಿಜವಾದ ವಿದ್ಯಾರ್ಥಿಗಳ ಅಂಕಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಲೇಬಾರದು. ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫರ್ಪಾ ಕಾನೂನು, ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್ ಇದನ್ನು ಕಾನೂನಿನ ಪ್ರಶ್ನೆಯಾಗಿಯೇ ನೋಡುತ್ತವೆ. ಕಾನೂನು ಇಲ್ಲದ ಕಡೆಯೂ ಅದು ವಿದ್ಯಾರ್ಥಿಯ ಮಾನದ ಪ್ರಶ್ನೆ.

ತರಬೇತುದಾರರು ತಮ್ಮ ಆಡಳಿತಾಧಿಕಾರದ ಖಾತೆಯಿಂದ ತೋರಿಸಬಾರದು. ಆ ಖಾತೆಯಲ್ಲಿ ಕಾಣುವ ಹತ್ತಾರು ಗುಂಡಿಗಳು ಸಾಮಾನ್ಯ ಅಧ್ಯಾಪಕರಿಗೆ ಕಾಣುವುದೇ ಇಲ್ಲ. ‘ಇಲ್ಲಿ ಒತ್ತಿ’ ಎಂದಾಗ ‘ನನ್ನಲ್ಲಿ ಅದು ಇಲ್ಲವಲ್ಲ’ ಎಂಬ ದನಿ ನಾಲ್ಕು ಮೂಲೆಯಿಂದ ಬಂದರೆ ಕಾರಣ ಬಹುಪಾಲು ಇದೇ. ಬೋಧಕರಿಗೆ ಕೊಡುವಂಥದ್ದೇ ಖಾತೆಯೊಂದನ್ನು ನಿಮಗಾಗಿ ಮಾಡಿಸಿಕೊಳ್ಳಿ, ಜೊತೆಗೆ ಒಂದು ನಕಲಿ ವಿದ್ಯಾರ್ಥಿ ಖಾತೆಯೂ ಇರಲಿ. ಮೂಡಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಕ್ಯಾನ್ವಾಸ್‌ನಲ್ಲಿ ವಿದ್ಯಾರ್ಥಿಯ ನೋಟ, ಮೂಡಲ್‌ನಲ್ಲಿ ಪಾತ್ರ ಬದಲಾವಣೆ ಎಂಬ ಸೌಲಭ್ಯಗಳಿವೆ, ನಿಜ. ಮೂಡಲ್‌ನ ಪಾತ್ರ ಬದಲಾವಣೆಯಲ್ಲಿ ಅಂಕಗಳ ಪುಟ ವಿದ್ಯಾರ್ಥಿಗೆ ಕಾಣುವಂತೆಯೇ ಕಾಣುವುದಿಲ್ಲ. ಹೀಗಾಗಿ ನಕಲಿ ಖಾತೆಯೇ ಮೇಲು.

ಹಂತ 4: ಕೊಠಡಿ ಮತ್ತು ಸಲಕರಣೆ

ಹಿಂದಿನ ದಿನ, ಕಾರ್ಯಾಗಾರ ನಡೆಯುವ ಹೊತ್ತಿಗೇ ಆ ಕೊಠಡಿಗೆ ಹೋಗಿ. ಬೆಳಿಗ್ಗೆ ಚೆನ್ನಾಗಿ ಕಾಣುವ ಪರದೆ ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ಮಸುಕಾಗಬಹುದು. ಕೊನೆಯ ಸಾಲಿನಲ್ಲಿ ಕುಳಿತು ಓದಿ ನೋಡಿ. ಬ್ರೌಸರ್ ಅನ್ನು ಶೇ 150ಕ್ಕೆ ಹಿಗ್ಗಿಸಿ, ಮೌಸ್ ಬಾಣದ ಗಾತ್ರ ಹೆಚ್ಚಿಸಿ, ಮಿಂಚಂಚೆಯ ಸೂಚನೆಗಳು ಮೇಲೆ ಬಾರದಂತೆ ನಿಲ್ಲಿಸಿ.

ಬೇಕಾದವು: ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕೇಬಲ್, ಯುಎಸ್‌ಬಿ-ಸಿ ಪರಿವರ್ತಕ, ಎಲ್ಲ ಮೇಜುಗಳಿಗೂ ಎಟುಕುವ ಎಕ್ಸ್‌ಟೆನ್ಷನ್ ಬಾಕ್ಸ್‌ಗಳು, ಲಾಗಿನ್ ಆಗುವ ಸ್ಥಿತಿಯಲ್ಲಿರುವ ಎರಡು ಹೆಚ್ಚುವರಿ ಲ್ಯಾಪ್‌ಟಾಪ್, ಎರಡು ಬಣ್ಣದ ಅಂಟುಚೀಟಿಗಳು. ವೈಫೈ ಅನ್ನು ಒಂದು ಯಂತ್ರದಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ. ಹತ್ತು ಯಂತ್ರಗಳಲ್ಲಿ ಒಮ್ಮೆಗೇ ಲಾಗಿನ್ ಆಗಿ ನೋಡಿ. ವಿಡಿಯೊ ಏರಿಸುವ ತರಬೇತಿಯಾದರೆ ಮೂವತ್ತು ಸೆಕೆಂಡಿಗೆ ಮೀರದ ಮಾದರಿ ವಿಡಿಯೊ ಕೊಡಿ, ಇಲ್ಲವಾದರೆ ಎಲ್ಲರೂ ಏರಿಕೆಯ ಪಟ್ಟಿ ನೋಡುತ್ತ ಕೂರಬೇಕಾಗುತ್ತದೆ.

ಸಾಧ್ಯವಾದಷ್ಟು ಮಟ್ಟಿಗೆ ಬಂದವರು ತಾವು ದಿನವೂ ಬಳಸುವ ಲ್ಯಾಪ್‌ಟಾಪ್ ತರಲಿ. ಪ್ರಯೋಗಾಲಯದ ಕಂಪ್ಯೂಟರ್‌ನಲ್ಲಿ ಕಲಿತದ್ದು ಮನೆಯ ಯಂತ್ರದಲ್ಲಿ ಬೇರೆಯಾಗಿ ಕಂಡರೆ, ಅರ್ಧ ಧೈರ್ಯ ಅಲ್ಲೇ ಉಡುಗಿಹೋಗುತ್ತದೆ.

ಹಂತ 5: ಒಂದು ಹಾಳೆಯ ಕೈಪಿಡಿ

ನಲವತ್ತು ಪುಟದ ಕೈಪಿಡಿಯನ್ನು ಯಾರೂ ತೆರೆಯುವುದಿಲ್ಲ. ಒಂದು ಹಾಳೆ, ಎರಡು ಬದಿ. ಮುಂದಿನ ಬದಿಯಲ್ಲಿ ಹೆಜ್ಜೆಗಳು, ಹಿಂದಿನ ಬದಿಯಲ್ಲಿ ‘ಹೀಗಾದರೆ ಹೀಗೆ ಮಾಡಿ’ ಎಂಬ ಐದಾರು ಸಾಲು. ಪ್ರತಿ ಹೆಜ್ಜೆಯೂ ಒಂದೇ ಕ್ರಿಯಾಪದದಿಂದ ಕೊನೆಗೊಳ್ಳಲಿ: ಒತ್ತಿ, ಬರೆಯಿರಿ, ಉಳಿಸಿ. ಗುಂಡಿಯ ಹೆಸರು ಪರದೆಯ ಮೇಲೆ ಯಾವ ಭಾಷೆಯಲ್ಲಿ ಹೇಗಿದೆಯೋ ಕೈಪಿಡಿಯಲ್ಲೂ ಅಕ್ಷರಶಃ ಹಾಗೆಯೇ ಇರಲಿ, ಅನುವಾದಿಸಬೇಡಿ. ಪರದೆಯ ಚಿತ್ರಗಳನ್ನು ಕಡಿಮೆ ಬಳಸಿ, ತಂತ್ರಾಂಶ ನವೀಕರಣವಾದ ಮರುದಿನವೇ ಅವು ಹಳೆಯದಾಗುತ್ತವೆ. ಹಾಳೆಯ ಮೂಲೆಯಲ್ಲಿ ತಯಾರಿಸಿದ ದಿನಾಂಕ ಹಾಕುವುದನ್ನು ಮರೆಯಬೇಡಿ.

ಕೈಪಿಡಿ ಸರಿಯಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ: ಆ ಕೆಲಸ ಮಾಡಿ ಗೊತ್ತಿಲ್ಲದ ಸಹೋದ್ಯೋಗಿಗೆ ಹಾಳೆಯನ್ನು ಕೊಟ್ಟು, ನೀವು ಬಾಯಿ ತೆರೆಯದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ತಡವರಿಸಿದ ಪ್ರತಿ ಜಾಗಕ್ಕೂ ಗುರುತು ಹಾಕಿ. ತಿದ್ದಬೇಕಾದ ಜಾಗಗಳು ಅವೇ.

ಹಂತ 6: ಆ ದಿನದ ತೊಂಬತ್ತು ನಿಮಿಷ

ಮೊದಲ ಹತ್ತು ನಿಮಿಷ ಎಲ್ಲರೂ ಲಾಗಿನ್ ಆಗಿ ಅಭ್ಯಾಸದ ತರಗತಿ ತೆರೆಯಲಿ. ಭಾಷಣ, ಸ್ವಾಗತ, ತಂತ್ರಾಂಶದ ಗುಣಗಾನ ಬೇಡ. ಮುಂದಿನ ಐದು ನಿಮಿಷದಲ್ಲಿ ಮುಗಿದ ಕೆಲಸ ಹೇಗೆ ಕಾಣುತ್ತದೆ ಎಂದು ತೋರಿಸಿ. ಆಮೇಲೆ ನೀವು ಒಂದು ಸಲ ನಿಧಾನವಾಗಿ ಮಾಡಿ ತೋರಿಸಿ, ಎರಡನೆಯ ಸಲ ಎಲ್ಲರೂ ನಿಮ್ಮೊಂದಿಗೆ ಮಾಡಲಿ, ಮೂರನೆಯ ಸಲ ಅವರು ತಾವಾಗಿಯೇ, ತಮ್ಮ ನಿಜವಾದ ತರಗತಿಯಲ್ಲಿ ಮಾಡಲಿ. ಕೊನೆಯ ಈ ಭಾಗಕ್ಕೆ ಕನಿಷ್ಠ ಮೂವತ್ತೈದು ನಿಮಿಷ ಉಳಿಯಬೇಕು. ಸಮಯ ಸಾಲದಿದ್ದರೆ ನಿಮ್ಮ ಮಾತನ್ನು ಕತ್ತರಿಸಿ, ಅವರ ಅಭ್ಯಾಸವನ್ನು ಕತ್ತರಿಸಬೇಡಿ.

ಅಂಟುಚೀಟಿಗಳ ಬಳಕೆ ಹೀಗೆ: ಹೆಜ್ಜೆ ಮುಗಿದವರು ಹಸಿರು ಚೀಟಿಯನ್ನು ಲ್ಯಾಪ್‌ಟಾಪ್‌ನ ಮೇಲಂಚಿಗೆ ಅಂಟಿಸಲಿ, ಸಿಕ್ಕಿಹಾಕಿಕೊಂಡವರು ಕೆಂಪನ್ನು ಅಂಟಿಸಲಿ. ಎಲ್ಲರೆದುರು ಕೈ ಎತ್ತಲು ಹಿಂಜರಿಯುವ ಹಿರಿಯರು ಚೀಟಿ ಅಂಟಿಸಲು ಹಿಂಜರಿಯುವುದಿಲ್ಲ. ಬಣ್ಣ ಗುರುತಿಸಲು ಕಷ್ಟವಾಗುವವರೂ ಇರುತ್ತಾರೆ, ಆದ್ದರಿಂದ ಕೆಂಪು ಚೀಟಿಯ ಮೇಲೆ ಪ್ರಶ್ನೆಯ ಗುರುತು ಬರೆದಿಡಿ.

ಸಹಾಯಕರಿಗೆ ಒಂದೇ ಕಟ್ಟುನಿಟ್ಟಿನ ನಿಯಮ: ಕಲಿಯುವವರ ಮೌಸ್ ಮುಟ್ಟಬಾರದು. ‘ಕೊಡಿ, ನಾನು ಮಾಡಿಕೊಡುತ್ತೇನೆ’ ಎಂದು ಮೌಸ್ ಕಸಿದುಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಬೆರಳಿನಿಂದ ತೋರಿಸಿ, ಬಾಯಿಂದ ಹೇಳಿ, ಕಾಯಿರಿ.

ಅಂಕಪಟ್ಟಿಯ ತರಬೇತಿ: ಒಂದು ಉದಾಹರಣೆ

ಎಲ್ಲ ಕಡೆಯೂ ಕೈಕೊಡುವುದು ಇದೇ ವಿಷಯ, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ. ಅಧ್ಯಾಪಕರು ಕಲಿಕಾ ತಾಣದಿಂದ ವಿದ್ಯಾರ್ಥಿಗಳ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ) ಕಡತವಾಗಿ ಇಳಿಸಿಕೊಳ್ಳುತ್ತಾರೆ, ಅದರ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆಯುತ್ತಾರೆ, ಅಂಕ ತುಂಬಿ ಉಳಿಸುತ್ತಾರೆ, ಮರಳಿ ಏರಿಸುತ್ತಾರೆ. ‘ವಿದ್ಯಾರ್ಥಿ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಮತ್ತೆ ಏರಿಸುತ್ತಾರೆ, ಮತ್ತೆ ಅದೇ ಸಂದೇಶ. ತಾಣವೇ ಕೆಟ್ಟಿದೆ ಎಂದು ಕೈಬಿಡುತ್ತಾರೆ.

ಆಗಿದ್ದು ಇಷ್ಟು: 00417 ಎಂಬ ನೋಂದಣಿ ಸಂಖ್ಯೆಯನ್ನು ಎಕ್ಸೆಲ್ ಒಂದು ಲೆಕ್ಕದ ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಗಳನ್ನು ತೆಗೆದು 417 ಮಾಡಿತು. ಕಲಿಕಾ ತಾಣಕ್ಕೆ 417 ಎಂಬ ವಿದ್ಯಾರ್ಥಿ ಗೊತ್ತಿಲ್ಲ. ಸಂಖ್ಯೆ ಹದಿನೈದು ಅಂಕಿಗಿಂತ ಉದ್ದವಾಗಿದ್ದರೆ ಕೊನೆಯ ಅಂಕಿಗಳೇ ಸೊನ್ನೆಯಾಗಿಬಿಡುತ್ತವೆ. ಒಮ್ಮೆ ಉಳಿಸಿದ ಮೇಲೆ ಹೋದ ಅಂಕಿಗಳು ಮರಳಿ ಬರುವುದಿಲ್ಲ.

ಪರಿಹಾರ ಈ ಕ್ರಮದಲ್ಲಿ. ಇಳಿಸಿದ ಕಡತದ ಒಂದು ಪ್ರತಿ ಬೇರೆಡೆ ಇಡಿ. ಅದನ್ನು ನೇರವಾಗಿ ತೆರೆಯದೆ, ಖಾಲಿ ಹಾಳೆ ತೆರೆದು ದತ್ತಾಂಶ ವಿಭಾಗದ ಮೂಲಕ ಕಡತವನ್ನು ಒಳಗೆ ತನ್ನಿ. ತರುವಾಗ ನೋಂದಣಿ ಸಂಖ್ಯೆಯ ಕಂಬಸಾಲನ್ನು ‘ಪಠ್ಯ’ ಎಂದು ಗೊತ್ತುಮಾಡಿ. ಅಂಕ ತುಂಬಿ. ಉಳಿಸುವಾಗ ಸಾಮಾನ್ಯ ಸಿಎಸ್‌ವಿ ಬದಲು ಎಲ್ಲ ಲಿಪಿಗಳನ್ನೂ ಉಳಿಸಿಕೊಳ್ಳುವ ಸಿಎಸ್‌ವಿ ಯುಟಿಎಫ್-8 ಆರಿಸಿ, ಇಲ್ಲವಾದರೆ ಕನ್ನಡದಂಥ ಲಿಪಿಯಲ್ಲಿರುವ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮೊದಲು ಇಬ್ಬರೇ ವಿದ್ಯಾರ್ಥಿಗಳ ಸಾಲನ್ನು ಏರಿಸಿ ನೋಡಿ, ಸರಿಯಾದರೆ ಉಳಿದದ್ದು.

ಅಭ್ಯಾಸದ ತರಗತಿಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆಗಳನ್ನು ಬೇಕೆಂದೇ ಇಡಿ, ಈ ತಪ್ಪು ನಿಮ್ಮ ಕಣ್ಣೆದುರೇ ಆಗಲಿ. ಒಮ್ಮೆ ಆ ಸಂದೇಶವನ್ನು ನೋಡಿ, ತಾವೇ ಸರಿಪಡಿಸಿದವರು ಅದನ್ನು ಮರೆಯುವುದಿಲ್ಲ. ಮೊದಲ ಹಂತದಲ್ಲಿ ಹೇಳಿದ ಆ ಹಿರಿಯ ಅಧ್ಯಾಪಕಿ ಇಂಥ ತರಬೇತಿಯ ದಿನ ಎರಡನೆಯ ಪ್ರಯತ್ನದಲ್ಲಿ ಇಡೀ ತರಗತಿಯ ಅಂಕಗಳು ಒಟ್ಟಿಗೆ ತುಂಬಿದ್ದನ್ನು ಕಂಡು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಪರದೆ ನೋಡಿದರು. ಆಮೇಲೆ ಪಕ್ಕದವರಿಗೆ ತಾವೇ ಹೇಳಿಕೊಡತೊಡಗಿದರು.

ಇನ್ನೆರಡು ಬಲೆಗಳು ಇದರ ಜೊತೆಗಿವೆ. ಮೂಡಲ್‌ನಲ್ಲಾಗಲಿ ಕ್ಯಾನ್ವಾಸ್‌ನಲ್ಲಾಗಲಿ ಸಾಮಾನ್ಯ ಸಂಯೋಜನೆಯಲ್ಲಿ ಖಾಲಿ ಬಿಟ್ಟ ಅಂಕ ಸೊನ್ನೆಯಾಗಿ ಎಣಿಕೆಯಾಗುವುದಿಲ್ಲ. ಆದ್ದರಿಂದ ನಿಯೋಜಿತ ಕೆಲಸ ಕೊಡದ ವಿದ್ಯಾರ್ಥಿಗೂ ಒಟ್ಟು ಅಂಕ ಚೆನ್ನಾಗಿಯೇ ಕಾಣುತ್ತದೆ, ಅವಧಿಯ ಕೊನೆಗೆ ಸೊನ್ನೆ ತುಂಬಿದಾಗ ಕುಸಿಯುತ್ತದೆ, ಜಗಳ ಶುರುವಾಗುತ್ತದೆ. ಎರಡನೆಯದು ಗಡುವು. ‘ಶುಕ್ರವಾರ ರಾತ್ರಿ 12’ ಎಂದು ಹೇಳಿ ತಾಣದಲ್ಲಿ ಶುಕ್ರವಾರ 12:00 ಎಎಂ ಎಂದು ಹಾಕಿದರೆ ಅದು ಗುರುವಾರ ರಾತ್ರಿಯೇ ಮುಗಿದುಹೋಗುತ್ತದೆ. 11:59 ಪಿಎಂ ಎಂದೇ ಹಾಕುವುದನ್ನು ರೂಢಿ ಮಾಡಿಸಿ.

ಎಚ್ಚರಿಕೆಯ ಸೂಚನೆಗಳು

ಕಾರ್ಯಾಗಾರ ನಡೆಯುತ್ತಿರುವಾಗಲೇ ಹಳಿ ತಪ್ಪುತ್ತಿರುವುದು ಗೊತ್ತಾಗುತ್ತದೆ. ಇಪ್ಪತ್ತು ನಿಮಿಷದಿಂದ ಯಾರೂ ಪ್ರಶ್ನೆ ಕೇಳಿಲ್ಲವಾದರೆ ಎಲ್ಲರಿಗೂ ಅರ್ಥವಾಗಿದೆ ಎಂದುಕೊಳ್ಳಬೇಡಿ. ಬಹುತೇಕರು ಹಿಂದೆ ಬಿದ್ದಿದ್ದಾರೆ. ಜನ ಪರದೆಯ ಫೋಟೊ ತೆಗೆಯಲು ಶುರುಮಾಡಿದರೆ ನಿಮ್ಮ ವೇಗ ಹೆಚ್ಚಾಗಿದೆ. ಒಬ್ಬರು ಮಾಡುತ್ತಿದ್ದು ಇನ್ನಿಬ್ಬರು ನೋಡುತ್ತಿದ್ದರೆ ಆ ಇಬ್ಬರ ಖಾತೆಯಲ್ಲಿ ಏನೋ ತೊಂದರೆಯಿದೆ, ಹೇಳಿಕೊಂಡಿಲ್ಲ. ‘ಇದನ್ನು ಆಮೇಲೆ ಮನೆಯಲ್ಲಿ ಮಾಡುತ್ತೇನೆ’ ಎಂಬ ಮಾತು ಕೇಳಿದರೆ ಅಲ್ಲೇ ಅವರ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳಿ. ಆ ‘ಆಮೇಲೆ’ ಬರುವುದೇ ಇಲ್ಲ.

ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೆಂಪು ಚೀಟಿಗಳು ಕಂಡರೆ ನಿಲ್ಲಿಸಿ. ಹಿಂದಿನ ಹೆಜ್ಜೆಗೆ ಮರಳಿ. ಉಳಿದ ವಿಷಯವನ್ನು ಇನ್ನೊಂದು ದಿನಕ್ಕೆ ಇಡುವುದರಲ್ಲಿ ನಾಚಿಕೆಯೇನೂ ಇಲ್ಲ.

ಹಂತ 7: ಬೋಧಕೇತರ ಸಿಬ್ಬಂದಿಯ ತರಬೇತಿ

ಪ್ರವೇಶ ವಿಭಾಗ, ಲೆಕ್ಕಪತ್ರ, ಗ್ರಂಥಾಲಯ, ಪರೀಕ್ಷಾ ವಿಭಾಗದವರಿಗೆ ಸಾಮಾನ್ಯವಾಗಿ ಉಳಿದ ಹಳೆಯ ತರಬೇತಿಯನ್ನೇ ಕೊಡುತ್ತಾರೆ. ಇದು ದೊಡ್ಡ ತಪ್ಪು. ಅವರ ಕೈಯಲ್ಲಿ ಸಾವಿರಾರು ವಿದ್ಯಾರ್ಥಿಗಳ ಮಾಹಿತಿ ಇದೆ, ತಪ್ಪಾದರೆ ಪರಿಣಾಮ ಒಂದು ತರಗತಿಗೆ ಸೀಮಿತವಾಗುವುದಿಲ್ಲ.

ಅವರಿಗೆ ಕಚೇರಿಯ ಕಿಟಕಿಯಲ್ಲಿ ಜನ ಕಾಯುತ್ತಿರುತ್ತಾರೆ, ಎಲ್ಲರೂ ಒಮ್ಮೆಗೇ ಎದ್ದು ಬರಲಾಗದು. ನಲವತ್ತೈದು ನಿಮಿಷದ ತರಬೇತಿಯನ್ನು ಎರಡು ಪಾಳಿಯಲ್ಲಿ ನಡೆಸಿ. ವಿಷಯಗಳ ಆದ್ಯತೆ ಹೀಗಿರಲಿ: ಮೊದಲು ವಂಚನೆಯ ಮಿಂಚಂಚೆ ಗುರುತಿಸುವುದು, ಎರಡನೆಯದು ಹಂಚಿಕೊಂಡ ಕಡತದ ಅನುಮತಿಗಳು, ಮೂರನೆಯದು ಒಂದೇ ಪತ್ರವನ್ನು ಹಲವರಿಗೆ ಹೆಸರು ಸಹಿತ ಕಳುಹಿಸುವುದು.

ವಂಚನೆಯ ಮಿಂಚಂಚೆ ಗುರುತಿಸಲು ಕಾಗುಣಿತದ ತಪ್ಪು ಹುಡುಕಿ ಎಂದು ಕಲಿಸುವುದನ್ನು ನಿಲ್ಲಿಸಿ. ಈಗ ಅವು ತಪ್ಪಿಲ್ಲದ ಭಾಷೆಯಲ್ಲೇ ಬರುತ್ತವೆ. ಕಳುಹಿಸಿದವರ ಪೂರ್ಣ ವಿಳಾಸ ತೆರೆದು ನೋಡುವುದು, ಕೊಂಡಿಯ ಮೇಲೆ ಮೌಸ್ ಇಟ್ಟು ಅದು ಎಲ್ಲಿಗೆ ಹೋಗುತ್ತದೆ ಎಂದು ಓದುವುದು, ಹಣ ಅಥವಾ ಪಾಸ್‌ವರ್ಡ್ ಕೇಳಿದರೆ ತಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸುವುದು, ಈ ಮೂರನ್ನು ಕೈಯಿಂದ ಮಾಡಿಸಿ. ತಪ್ಪಾಗಿ ಒತ್ತಿದವರು ಕೂಡಲೇ ಬಂದು ಹೇಳುವಂಥ ವಾತಾವರಣ ಇರಬೇಕು. ಬೈಗುಳಕ್ಕೆ ಹೆದರಿ ಒಬ್ಬರು ಒಂದು ದಿನ ಸುಮ್ಮನಿದ್ದರೆ ಹಾನಿ ಹಲವು ಪಟ್ಟು ಬೆಳೆಯುತ್ತದೆ.

ಹಂತ 8: ಎಲ್ಲರಿಗೂ ಎಟುಕುವ ಪಾಠ

ಕಣ್ಣು ಕಾಣದ ವಿದ್ಯಾರ್ಥಿ, ಕಿವಿ ಕೇಳದ ವಿದ್ಯಾರ್ಥಿ ತರಗತಿಯಲ್ಲಿದ್ದಾರೆ ಎಂದುಕೊಂಡೇ ಕಲಿಸಿ. ಇದಕ್ಕೆ ಪ್ರತ್ಯೇಕ ಕಾರ್ಯಾಗಾರ ಮಾಡಿದರೆ ಬರುವವರು ಕಡಿಮೆ, ಆದ್ದರಿಂದ ಪ್ರತಿ ಕಾರ್ಯಾಗಾರದಲ್ಲೂ ಒಂದೊಂದು ಅಭ್ಯಾಸ ಸೇರಿಸಿ. ದಾಖಲೆ ತಯಾರಿಸುವ ದಿನ, ಶೀರ್ಷಿಕೆಯನ್ನು ಬರಿದೇ ದಪ್ಪ ಅಕ್ಷರ ಮಾಡದೆ ಶೀರ್ಷಿಕೆಯ ಶೈಲಿ ಬಳಸುವುದು. ಚಿತ್ರ ಸೇರಿಸುವ ದಿನ, ಅದಕ್ಕೆ ಪರ್ಯಾಯ ಪಠ್ಯ (ಚಿತ್ರದಲ್ಲಿ ಏನಿದೆ ಎಂಬ ವಿವರಣೆ) ಬರೆಯುವುದು. ವಿಡಿಯೊ ದಿನ, ತಾನಾಗಿ ಬಂದ ಅಡಿಬರಹವನ್ನು ಓದಿ ತಿದ್ದುವುದು. ಅಂತರ್ಜಾಲ ಸುಗಮತೆಯ ಡಬ್ಲ್ಯೂಸಿಎಜಿ ಮಾನದಂಡದ ಎಎ ಮಟ್ಟದಲ್ಲಿ ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು.

ಮಾತಿಗಿಂತ ಅನುಭವ ಬೇಗ ಮುಟ್ಟುತ್ತದೆ. ಎನ್‌ವಿಡಿಎ ಎಂಬ ಉಚಿತ ಪರದೆ ಓದುಗವನ್ನು (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನು) ಹಾಕಿ, ಪರದೆಯನ್ನು ಕಪ್ಪಾಗಿಸಿ, ಅಧ್ಯಾಪಕರ ಸ್ವಂತ ಪಾಠವನ್ನೇ ಎರಡು ನಿಮಿಷ ಕೇಳಿಸಿ. ‘ಚಿತ್ರ, ಚಿತ್ರ, ಕೊಂಡಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂದು ಯಂತ್ರ ಓದುವುದನ್ನು ಕೇಳಿದ ಕೂಡಲೇ ಅವರು ತಾವಾಗಿ ತಿದ್ದಲು ಕೂರುತ್ತಾರೆ.

ಹಂತ 9: ಕೃತಕ ಬುದ್ಧಿಮತ್ತೆಯ ಕಾರ್ಯಾಗಾರವಾದರೆ

ಈಗ ಎಲ್ಲೆಡೆ ಬೇಡಿಕೆ ಇದಕ್ಕೇ. ಕ್ರಮ ಬದಲಾಗುವುದಿಲ್ಲ, ಇಲ್ಲೂ ಒಂದು ಕೆಲಸ ಆರಿಸಿ: ಒಂದು ಪಾಠಕ್ಕೆ ಹತ್ತು ಅಭ್ಯಾಸ ಪ್ರಶ್ನೆ ತಯಾರಿಸಿ, ತಪ್ಪುಗಳನ್ನು ಹುಡುಕಿ ತಿದ್ದುವುದು ಒಳ್ಳೆಯ ಆರಂಭ. ಎರಡು ಮಾತು ಮೊದಲೇ ಹೇಳಿ. ವಿದ್ಯಾರ್ಥಿಗಳ ಹೆಸರು, ಅಂಕ, ಬರಹಗಳನ್ನು ಕಾಲೇಜು ಒಪ್ಪಿಗೆ ಕೊಡದ ಸೇವೆಗಳಲ್ಲಿ ಹಾಕಬಾರದು. ಬರಹ ಯಂತ್ರದ್ದೋ ಮನುಷ್ಯನದ್ದೋ ಎಂದು ಪತ್ತೆಹಚ್ಚುವ ತಂತ್ರಾಂಶದ ತೀರ್ಪನ್ನು ಸಾಕ್ಷಿಯಾಗಿ ನಂಬಬಾರದು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಎಂಬ ಕಾರಣಕ್ಕೆ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಂಥ ತೀರ್ಪಿನ ಮೇಲೆ ಒಬ್ಬ ವಿದ್ಯಾರ್ಥಿಯ ಮೇಲೆ ಕಳಂಕ ಹೊರಿಸಬಾರದು.

ಹಂತ 10: ಮುಂದಿನ ಆರು ವಾರ

ಕಲಿತದ್ದು ಬೇಗ ಮರೆಯುತ್ತದೆ, ಮರೆವು ಮೊದಲ ಕೆಲವು ದಿನಗಳಲ್ಲೇ ಅತಿ ಹೆಚ್ಚು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ಇದನ್ನು ದಾಖಲಿಸಿದ್ದ. ಆದ್ದರಿಂದ ಎರಡನೆಯ ದಿನ ಒಂದು ಚಿಕ್ಕ ಸಂದೇಶ, ಏಳನೆಯ ದಿನ ಒಂದು ಗಂಟೆಯ ಮುಕ್ತ ಸಹಾಯ ಸಮಯ, ಮೂರನೆಯ ವಾರ ಮತ್ತೊಂದು. ಸಹಾಯ ಸಮಯದಲ್ಲಿ ಪಾಠ ಮಾಡಬೇಡಿ, ಬಂದವರ ಪ್ರಶ್ನೆಯನ್ನು ಮಾತ್ರ ಬಿಡಿಸಿ. ಪ್ರತಿ ವಿಭಾಗದಲ್ಲೂ ಬೇಗ ಕಲಿತ ಒಬ್ಬರನ್ನು ಗುರುತಿಸಿ, ಪಕ್ಕದವರು ಅವರನ್ನೇ ಮೊದಲು ಕೇಳುವಂತಾಗಲಿ. ಅವರ ಈ ಹೊರೆಗೆ ಬೋಧನಾ ಅವಧಿಯಲ್ಲಿ ಒಂದಿಷ್ಟು ರಿಯಾಯಿತಿ ಕೊಡಿಸಿ.

ಫಲಿತಾಂಶ ಅಳೆಯುವಾಗ ಕಾರ್ಯಾಗಾರದ ದಿನ ತುಂಬಿಸಿದ ಅಭಿಪ್ರಾಯ ಹಾಳೆಯನ್ನು ನೆಚ್ಚಿಕೊಳ್ಳಬೇಡಿ. ತರಬೇತಿಗಳ ಮೌಲ್ಯಮಾಪನಕ್ಕೆ ಹೆಸರಾದ ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತದ ಅಳತೆಯಲ್ಲಿ ಅದು ಮೊದಲ ಮೆಟ್ಟಿಲು ಮಾತ್ರ. ಮೇಲಿನವು ಕಲಿತರೇ, ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಸಂಸ್ಥೆಗೆ ಅದರಿಂದ ಏನಾಯಿತು ಎಂಬ ಪ್ರಶ್ನೆಗಳು. ಆರನೆಯ ವಾರ ಮೂರು ಸಂಗತಿ ನೋಡಿ: ಬಂದವರಲ್ಲಿ ಎಷ್ಟು ಮಂದಿಯ ನಿಜವಾದ ತರಗತಿಯಲ್ಲಿ ಆ ಕೆಲಸ ಆಗಿದೆ, ಸಹಾಯ ವಿಭಾಗಕ್ಕೆ ಆ ಪ್ರಶ್ನೆ ಎಷ್ಟು ಸಲ ಬಂದಿದೆ, ಬಂದ ಪ್ರಶ್ನೆಗಳು ಯಾವ ಹೆಜ್ಜೆಯಲ್ಲಿ ನಿಂತಿವೆ. ಕೈಪಿಡಿಯ ಹಾಳೆಯಲ್ಲಿ ಆ ಹೆಜ್ಜೆಯನ್ನು ಮತ್ತೆ ಬರೆಯಿರಿ, ದಿನಾಂಕ ಬದಲಾಯಿಸಿ, ಮುಂದಿನ ತಂಡದ ನೋಂದಣಿ ಪಟ್ಟಿಯನ್ನು ಹದಿನಾಲ್ಕು ದಿನ ಮೊದಲು ತಂತ್ರಜ್ಞಾನ ವಿಭಾಗಕ್ಕೆ ಕಳುಹಿಸಿ.